ಟೀಚರ್ ಏನೂ ಕಲಿಸುತ್ತಿಲ್ಲವೇ?

ಮಾಂಟೆಸ್ಸರಿಗೆ ಸೇರಿಸಿ ಮೂರು ತಿಂಗಳಾದರೂ ಮಗುವಿಗೆ ಅ, ಆ ಬರೆಯಲು ಬರುವುದಿಲ್ಲ. ಕೇಳಿದರೆ, 'ಇವತ್ತು ನೀರು ಸುರಿದೆ' ಎನ್ನುತ್ತದೆ. ಫೀಸು ಕಟ್ಟಿದ್ದು ಇದಕ್ಕೇನಾ ಎಂದು ಟೀಚರ್ ಮೇಲೆ ರೇಗುವ ಮುನ್ನ ತುಸು ತಾಳಿ. ಹೂಜಿಯಿಂದ ಲೋಟಕ್ಕೆ ಚೆಲ್ಲದಂತೆ ನೀರು ಸುರಿಯುವ ಕೈಯೇ ನಾಳೆ ಪೆನ್ಸಿಲ್ ಹಿಡಿಯುವುದು. ಅದಕ್ಕೂ ಮೊದಲು ಮಗು ಮರಳು ಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿ ನೋಡುತ್ತದೆ. 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ತನ್ನ ಮೊದಲ ಶಾಲೆ ತೆರೆದ ಮರಿಯಾ ಮಾಂಟೆಸ್ಸರಿ, 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ಶಿಕ್ಷಕರಿಗೂ ತರಬೇತಿ ನೀಡಿದರು. ಟೀಚರ್ ಮಾತು ಕಡಿಮೆ ಮಾಡಿ ಮಗುವನ್ನು ಗಮನಿಸಬೇಕೆಂಬುದು ಆಕೆಯ ಒತ್ತಾಯವಾಗಿತ್ತು.

ಆದರೆ ಎಚ್ಚರ! ಬೋರ್ಡಿನಲ್ಲಿ ಆ ಹೆಸರಿದ್ದ ಮಾತ್ರಕ್ಕೆ ಒಳಗೂ ಅದೇ ಇರುತ್ತದೆನ್ನಲಾಗದು. ಮೂರು ವರ್ಷದ ಕೂಸಿಗೆ ಹೋಂವರ್ಕ್ ಹೊರಿಸುವವರೂ ಇದ್ದಾರೆ. ಅರ್ಧ ಗಂಟೆ ತರಗತಿಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. 'ನನ್ನ ಮಗು ತಾನಾಗಿ ಆರಿಸಿಕೊಳ್ಳುವ ಕೆಲಸ ಯಾವುದು?' ಎಂದು ವಿಚಾರಿಸಿ. ಟೀಚರ್ ತಡವರಿಸಿದರೆ ಇನ್ನೊಮ್ಮೆ ಹೋಗಿ ನೋಡಿ.