ಶಾರ್ಕ್ ತೊಟ್ಟಿಗೆ ಇಳಿದವರು ಬದುಕುವುದು ಹೇಗೆ?

ಪ್ರಶ್ನೆ: ಅಕ್ವೇರಿಯಂನಲ್ಲಿ ಶಾರ್ಕ್, ತೊರಕೆ ಮೀನುಗಳ ನಡುವೆ ಈಜುವವರನ್ನು ಅವು ಏಕೆ ತಿನ್ನುವುದಿಲ್ಲ? ಹೊಟ್ಟೆ ತುಂಬ ತಿನ್ನಿಸಿರುತ್ತಾರೆಯೇ?

ಉತ್ತರ: ತಿನ್ನಿಸುವುದು ನಿಜ, ಆದರೆ ಗುಟ್ಟಿರುವುದು ಹೊಟ್ಟೆಯಲ್ಲಲ್ಲ, ಜಾತಿಯ ಆಯ್ಕೆಯಲ್ಲಿ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಅಕ್ವೇರಿಯಂನ ಸುಮಾರು 2.4 ಕೋಟಿ ಲೀಟರ್‌ ತೊಟ್ಟಿಯಲ್ಲಿ ಸ್ಕೂಬಾ ಉಪಕರಣ ತೊಟ್ಟವರ ತಲೆಯ ಮೇಲೆ ತೇಲಿಹೋಗುವುದು ತಿಮಿಂಗಿಲ ಶಾರ್ಕ್. ಬಾಯಿ ಗುಹೆಯಂತಿದ್ದರೂ ಅದು ನೀರು ಸೋಸಿ ಸಿಗಡಿಯಂಥ ಸಣ್ಣ ಜೀವಿಗಳನ್ನು ತಿನ್ನುವ ಪ್ರಾಣಿ. ಮಾಂಟಾ ತೊರಕೆಯೂ ಹಾಗೆಯೇ, ಅದಕ್ಕೆ ವಿಷಮುಳ್ಳೂ ಇಲ್ಲ. ಹಲವೆಡೆ ಸಾಕುವ ಸ್ಯಾಂಡ್ ಟೈಗರ್ ಶಾರ್ಕಿನ ಬಾಯಿಂದ ಹಲ್ಲುಗಳು ಹೊರಚಾಚಿ ಭಯ ಹುಟ್ಟಿಸುತ್ತವೆ. ಆದರೆ ಅವು ಜಾರುವ ಮೀನನ್ನು ಹಿಡಿಯಲು ಬೇಕಾದ ಸೂಜಿಗಳು. ಮೇಲೆ ಬಂದು ಗಾಳಿ ನುಂಗಿ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರಿನ ನಡುವೆ ಸುಮ್ಮನೆ ನಿಲ್ಲುವ ಸೋಮಾರಿ ಅದು.

ಹೊಟ್ಟೆ ತುಂಬಿದ್ದರೆ ಸಾಕೆನ್ನುವವರಿಗೆ ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂ ಉತ್ತರ ಕೊಟ್ಟಿದೆ. 2004ರಲ್ಲಿ ತಂದ ಮರಿ ಬಿಳಿ ಶಾರ್ಕ್, ಊಟ ಸಿಗುತ್ತಿದ್ದರೂ ಜೊತೆಗಿದ್ದ ಎರಡು ಶಾರ್ಕ್‌ಗಳ ಸಾವಿಗೆ ಕಾರಣವಾಯಿತು. 198 ದಿನಗಳ ಬಳಿಕ ಅದನ್ನು ಕಡಲಿಗೆ ಬಿಟ್ಟರು. ಇನ್ನು, ಮುಳ್ಳಿರುವ ತೊರಕೆ ಚುಚ್ಚಿಯೇ 2006ರಲ್ಲಿ ಆಸ್ಟ್ರೇಲಿಯಾದ ವನ್ಯಜೀವಿ ಟಿವಿ ನಿರೂಪಕ ಸ್ಟೀವ್ ಇರ್ವಿನ್ ಸತ್ತರಲ್ಲ ಎಂದು ಕೇಳಬಹುದು. ಆ ಮುಳ್ಳು ಬೇಟೆಯ ಆಯುಧವಲ್ಲ, ಬೆದರಿದಾಗಿನ ರಕ್ಷಣೆ. ಹಾಗಾಗಿ, ಇಳಿಯುವ ಅವಕಾಶ ಸಿಕ್ಕರೆ ಇಳಿಯಿರಿ, ಕೈ ಮಾತ್ರ ಚಾಚಬೇಡಿ.