ಕಾರ್ಬನ್ ಫೈಬರ್ ಬಿಡಿಭಾಗಗಳ ಮೇಲೆ ಗಟ್ಟಿಗೊಂಡ ಎಪಾಕ್ಸಿ: ಸುರಕ್ಷಿತ ನಿವಾರಣೆಯ ವಿಧಾನ ಮತ್ತು ಅದರ ಲೆಕ್ಕಾಚಾರ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರ ಭಾಗದ ಹೊಲಗಳನ್ನು ತಲುಪಿದ ನಂತರ ಅಲ್ಲಿ ಭತ್ತದ ಬೇಸಾಯ ವಿಸ್ತರಿಸಿತು. ಅದರೊಡನೆ ಔಷಧಿ ಸಿಂಪರಣೆಯ ಕೆಲಸವೂ ಹೆಚ್ಚಿತು. ಈಗ ಆ ಕೆಲಸಕ್ಕೆ ಡ್ರೋನ್‌ಗಳು ಬಂದಿವೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತು. ವೆಚ್ಚದ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿಗಳವರೆಗಿನ ಸಹಾಯಧನ ಈ ಯೋಜನೆಯ ಮುಖ್ಯ ಅಂಶವಾಗಿದೆ.

ಯಂತ್ರ ಬಂದಲ್ಲಿ ದುರಸ್ತಿಯೂ ಬರುತ್ತದೆ. ಯಾದಗಿರಿ ಪೇಟೆಯಿಂದ ಅಬ್ಬೆತುಮಕೂರಿನಂತಹ ಹಳ್ಳಿಗಳವರೆಗೆ ಪಂಪ್‌ಸೆಟ್, ಟ್ರ್ಯಾಕ್ಟರ್ ದುರಸ್ತಿಯಲ್ಲಿ ನುರಿತವರು ಈ ಹೊಸ ಕೆಲಸವನ್ನು ಕೈಗೆತ್ತಿಕೊಳ್ಳುವುದು ಸಹಜ. ಆದರೆ ಡ್ರೋನಿನ ತೋಳುಗಳು ಸಾಮಾನ್ಯವಾಗಿ ಕಬ್ಬಿಣದವಲ್ಲ, ಕಾರ್ಬನ್ ಫೈಬರಿನ ಕೊಳವೆಗಳು. ಹೊಲದಲ್ಲಿಯೇ ಅರಲ್ಡೈಟ್‌ನಂತಹ ಎಪಾಕ್ಸಿ ಅಂಟು ಬಳಿದು ತಂದ ತೋಳನ್ನು ಶುಚಿಗೊಳಿಸುವುದು ಹೇಗೆ, ಶುಚಿಗೊಳಿಸಬೇಕೇ ಅಥವಾ ಬದಲಿಸಬೇಕೇ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ವಸ್ತುವಿನ ಸ್ವಭಾವ

ಕಾರ್ಬನ್ ಎಳೆಯ ವ್ಯಾಸ ಸುಮಾರು 5ರಿಂದ 7 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು. ಇಂತಹ ಸಾವಿರಾರು ಎಳೆಗಳನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ರಾಳದಿಂದ ಬಂಧಿಸಿ ಬಿಡಿಭಾಗವನ್ನು ತಯಾರಿಸುತ್ತಾರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಪ್ರಥಮ ಹಾರಾಟ ನಡೆಸಿದ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇಂತಹ ಸಂಯುಕ್ತ ವಸ್ತುಗಳಿವೆ. ಅವುಗಳ ಅಭಿವೃದ್ಧಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪಾತ್ರ ದೊಡ್ಡದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತೋಳನ್ನು ಬಂಧಿಸಿರುವ ರಾಳವೂ ಮೇಲೆ ಅಂಟಿರುವ ಕಲೆಯೂ ಒಂದೇ ಕುಲಕ್ಕೆ ಸೇರಿದವು. ಗಟ್ಟಿಗೊಂಡ ಎಪಾಕ್ಸಿ ಮೇಣದಂತೆ ಕರಗುವುದಿಲ್ಲ. ಅದರ ಅಣುಗಳು ಪರಸ್ಪರ ಹೆಣೆದುಕೊಂಡು ಬಲೆಯಾಗಿರುತ್ತವೆ. ಕಲೆಯನ್ನು ಸಡಿಲಿಸುವಷ್ಟು ಪ್ರಬಲವಾದ ರಾಸಾಯನಿಕವು ತೋಳಿನ ಒಳಗಿನ ರಾಳವನ್ನೂ ಸಡಿಲಿಸಬಲ್ಲದು. ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುವ ತೋಳು ಒಳಗೆ ಪದರ ಬಿಟ್ಟಿರಬಹುದು. ಅಪಾಯವಿರುವುದು ಇಲ್ಲಿಯೇ.

ವರ್ಜಿಸಬೇಕಾದ ವಿಧಾನಗಳು

ಅಸಿಟೋನ್ ಹಸಿ ಎಪಾಕ್ಸಿಯನ್ನು ಒರೆಸಿ ತೆಗೆಯಲು ಉತ್ತಮ ದ್ರಾವಕ. ಗಟ್ಟಿಗೊಂಡ ಎಪಾಕ್ಸಿಯನ್ನು ಅದು ಕರಗಿಸದು. ಅದು ಬೇಗನೆ ಬೆಂಕಿ ಹತ್ತುವ ವಸ್ತುವಾದುದರಿಂದ, ಅದರಲ್ಲಿ ಬಿಡಿಭಾಗವನ್ನು ರಾತ್ರಿಯಿಡೀ ನೆನೆಸಿಡುವುದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು.

ಕೆಲವು ಪೇಂಟ್ ರಿಮೂವರ್‌ಗಳಲ್ಲಿರುವ ಡೈಕ್ಲೋರೋಮೀಥೇನ್ ಗಟ್ಟಿ ಎಪಾಕ್ಸಿಯನ್ನು ಉಬ್ಬಿಸಿ ಸಡಿಲಿಸುವುದು ನಿಜ. ಆದರೆ ಅದು ಒಳಗಿನ ರಾಳವನ್ನೂ ಬಿಡುವುದಿಲ್ಲ. ಅದರ ಆವಿಯು ದೇಹವನ್ನು ಸೇರಿದಾಗ ಭಾಗಶಃ ಕಾರ್ಬನ್ ಮಾನಾಕ್ಸೈಡ್ ಆಗಿ ಪರಿವರ್ತನೆಗೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಕೆಲಸಗಾರರು ಮೃತಪಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. 2024ರಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯು ಈ ವಸ್ತುವಿನ ಗ್ರಾಹಕ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಹೊರಡಿಸಿತು.

ಗ್ಯಾಸ್ ಜ್ವಾಲೆಯಿಂದ ಸುಡುವುದು, ಕಬ್ಬಿಣದ ತಂತಿ ಬ್ರಷ್‌ನಿಂದ ಉಜ್ಜುವುದು, ಉಳಿ ಬಡಿಯುವುದು ಇವೂ ವರ್ಜ್ಯ. ಜ್ವಾಲೆಯು ರಾಳವನ್ನು ಸುಟ್ಟು ವಿಷಕಾರಿ ಹೊಗೆ ಹೊರಡಿಸುತ್ತದೆ. ಬ್ರಷ್ ಮತ್ತು ಉಳಿಗಳು ಎಳೆಗಳನ್ನು ಕತ್ತರಿಸುತ್ತವೆ.

ಅನುಸರಿಸಬೇಕಾದ ಕ್ರಮ

1. ಸಿಂಪರಣಾ ಡ್ರೋನಿನ ಮೇಲೆ ಕೀಟನಾಶಕದ ಲೇಪವಿರುತ್ತದೆ. ಮೊದಲು ಬ್ಯಾಟರಿಯನ್ನು ಕಳಚಿ ದೂರವಿಡಬೇಕು. ಮೋಟಾರು, ವೈರುಗಳನ್ನು ಬೇರ್ಪಡಿಸಬೇಕು. ಅನಂತರ ಕೈಗವಸು ಧರಿಸಿ ತೋಳನ್ನು ಸೋಪುನೀರಿನಿಂದ ತೊಳೆದು ಒಣಗಿಸಬೇಕು. ವಿಷದ ಲೇಪವಿರುವ ಭಾಗವನ್ನು ಎಂದಿಗೂ ಕಾಯಿಸಬಾರದು.

2. ಕಲೆಯನ್ನು ತೆಗೆಯುವ ಅಗತ್ಯವಿದೆಯೇ ಎಂದು ನಿರ್ಧರಿಸಬೇಕು. ಅದು ಕ್ಲಾಂಪ್ ಅಥವಾ ಜೋಡಣೆಯ ಸ್ಥಳದಲ್ಲಿ ಇಲ್ಲದಿದ್ದರೆ, ಅದರ ಕೆಳಗೆ ಬಿರುಕೂ ಇಲ್ಲದಿದ್ದರೆ ಹಾಗೆಯೇ ಬಿಡುವುದು ಉತ್ತಮ. ಕೇವಲ ಅಂದಕ್ಕಾಗಿ ಬಲವನ್ನು ಪಣಕ್ಕಿಡಬಾರದು.

3. ಕೊಠಡಿಯ ಉಷ್ಣತೆಯಲ್ಲಿ ಗಟ್ಟಿಯಾಗುವ ಅಂಟುಗಳು ಸಾಮಾನ್ಯವಾಗಿ 50ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತವೆ. ಒಲೆಯಲ್ಲಿ ಹೆಚ್ಚಿನ ಉಷ್ಣತೆಗೆ ಗಟ್ಟಿಗೊಳಿಸಿದ ತೋಳಿನ ರಾಳ ಅದಕ್ಕಿಂತ ಹೆಚ್ಚು ಶಾಖವನ್ನು ತಾಳುತ್ತದೆ. ಈ ಅಂತರವೇ ನಮಗೆ ಅನುಕೂಲ. ತಯಾರಕರು ಸೂಚಿಸಿದ ಮಿತಿಯನ್ನು ತಿಳಿದುಕೊಂಡು, ಹಾಟ್ ಏರ್ ಗನ್‌ನಿಂದ ಕಲೆಯನ್ನು ಮಾತ್ರ ನಿಧಾನವಾಗಿ ಬಿಸಿ ಮಾಡಿ, ಉಷ್ಣಮಾಪಕದಿಂದ ಅಳೆಯುತ್ತ, ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ಪಟ್ಟಿಯಿಂದ ಎಬ್ಬಿಸಬೇಕು. ಮಿತಿ ತಿಳಿಯದಿದ್ದಲ್ಲಿ ಕಾಯಿಸದಿರುವುದೇ ಕ್ಷೇಮ.

4. ಉಳಿದ ತೆಳು ಪದರವನ್ನು ವಾಟರ್ ಪೇಪರ್‌ನಿಂದ, ನೀರು ಹಾಕುತ್ತ ಕೈಯಿಂದಲೇ ಉಜ್ಜಬೇಕು. 320ರಿಂದ ಆರಂಭಿಸಿ 600ಕ್ಕೆ ಮುಗಿಸಬಹುದು. ಶಹಾಬಾದ ಕಲ್ಲಿನ ಪಾಲಿಷ್‌ಗೆ ನೀರು ಹರಿಸುವ ಕ್ರಮ ನಮ್ಮವರಿಗೆ ಪರಿಚಿತವೇ ಆಗಿದೆ. ಇಲ್ಲಿಯೂ ಧೂಳನ್ನು ಅಡಗಿಸುವುದು ನೀರೇ. ನೀರು ಬೆಳ್ಳಗೆ ಹರಿಯುವವರೆಗೆ ಹೋಗುತ್ತಿರುವುದು ಅಂಟು. ಕಪ್ಪಾದ ಕ್ಷಣವೇ ಎಳೆ ತಲುಪಿದೆಯೆಂದು ತಿಳಿದು ನಿಲ್ಲಿಸಬೇಕು. ಒಂದು ಪದರದ ದಪ್ಪ ಮಿಲಿಮೀಟರಿನ ಕಾಲು ಭಾಗವನ್ನು ಮೀರದಿರುವುದು ಸಾಮಾನ್ಯ. ಆದುದರಿಂದ 'ಇನ್ನು ಸ್ವಲ್ಪ' ಎಂಬುದಕ್ಕೆ ಅವಕಾಶವಿಲ್ಲ. ಅಂಟೇ ಕಪ್ಪು ಬಣ್ಣದ್ದಾಗಿದ್ದರೆ ಈ ಸೂಚನೆ ದೊರೆಯದು. ಅಲ್ಲಿ ತುಸು ಕಲೆ ಉಳಿಸುವುದು ಲೇಸು.

5. ಸೂಕ್ತ ಧೂಳು ಮುಖಗವಸು, ಕನ್ನಡಕ, ಕೈಗವಸು ಕಡ್ಡಾಯ. ಕಾರ್ಬನ್ ಧೂಳು ಚರ್ಮಕ್ಕೆ ತುರಿಕೆ ತರುತ್ತದೆ. ಅದು ವಿದ್ಯುತ್ ವಾಹಕವೂ ಆಗಿರುವುದರಿಂದ ಸ್ವಿಚ್‌ಬೋರ್ಡ್ ಅಥವಾ ಮೋಟಾರು ಸೇರಿದರೆ ಶಾರ್ಟ್ ಆಗಬಹುದು. ಕಂಪ್ರೆಸರ್ ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

6. ಕೊನೆಯಲ್ಲಿ ನಾಣ್ಯದಿಂದ ಮೃದುವಾಗಿ ತಟ್ಟಿ ನೋಡಬೇಕು. ಗಟ್ಟಿ ಭಾಗ ಸ್ಪಷ್ಟವಾದ ನಾದ ಕೊಡುತ್ತದೆ. ಪದರ ಬಿಟ್ಟ ಭಾಗದ ಸದ್ದು ಮಂದವಾಗಿರುತ್ತದೆ. ಇದು ಪ್ರಾಥಮಿಕ ಪರೀಕ್ಷೆ ಮಾತ್ರ. ಸದ್ದು ಸ್ಪಷ್ಟವಾಗಿದೆ ಎಂದ ಮಾತ್ರಕ್ಕೆ ತೋಳು ನಿರ್ದೋಷಿ ಎನ್ನಲಾಗದು.

ಲೆಕ್ಕ ಏನು ಹೇಳುತ್ತದೆ?

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೊಸ ತೋಳಿನ ಬೆಲೆ 4,000 ರೂ. ಶುಚಿಗೊಳಿಸುವ ಕೂಲಿ ಮತ್ತು ಸಾಮಗ್ರಿ 500 ರೂ. ಮೇಲ್ನೋಟಕ್ಕೆ ಉಳಿತಾಯ 3,500 ರೂ. ಆದರೆ ಆ ತೋಳಿನಲ್ಲಿ ಬಿರುಕಿದ್ದು, ಹಾರಾಟದಲ್ಲಿ ಮುರಿದು ಯಂತ್ರಕ್ಕೆ 1 ಲಕ್ಷ ರೂ. ಹಾನಿಯಾಗುವುದಾದರೆ? ಹಾಗೆ ಮುರಿಯುವ ಸಂಭವ ನೂರಕ್ಕೆ ಮೂರೂವರೆ ಇದ್ದರೂ ನಿರೀಕ್ಷಿತ ನಷ್ಟ 3,500 ರೂ. ಆಗಿ, ಉಳಿತಾಯವೆಲ್ಲ ಅಳಿಸಿಹೋಗುತ್ತದೆ. ಹೊಲದ ಬದುವಿನಲ್ಲಿ ನಿಂತ ಮಹಿಳೆಗೆ ಆಗಬಹುದಾದ ಗಾಯವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅದನ್ನು ಸೇರಿಸಲು ಯಾವ ಲೆಕ್ಕಶಾಸ್ತ್ರಕ್ಕೂ ಸಾಧ್ಯವಿಲ್ಲ. ಆದುದರಿಂದ ನಿಯಮ ಸರಳ: ಗಟ್ಟಿ ತೋಳಿನ ಮೇಲಿನ ಕಲೆಯನ್ನು ಶುಚಿಗೊಳಿಸಿರಿ, ಬಿರುಕು ಮುಚ್ಚಲು ಬಳಿದ ಅಂಟನ್ನು ಕಂಡರೆ ತೋಳನ್ನೇ ಬದಲಿಸಿರಿ.

ಬದಲಿಸಿದ ತೋಳು ಮತ್ತೆ ಬಳಕೆಗೆ ಬರದಂತೆ ಕತ್ತರಿಸಿಟ್ಟು ಜಾಬ್ ಕಾರ್ಡಿನಲ್ಲಿ ದಾಖಲಿಸಬೇಕು. ಅಂಗಡಿಯ ಸ್ವಂತ ದಾಸ್ತಾನು ಕೆಲಸದಲ್ಲಿ ಅಸಹಜವಾಗಿ ಹಾಳಾದರೆ, ಲೆಕ್ಕಪತ್ರ ಮಾನಕ 2ರ ಪ್ರಕಾರ ಆ ನಷ್ಟವನ್ನು ಉಳಿದ ದಾಸ್ತಾನಿನ ಮೌಲ್ಯಕ್ಕೆ ಸೇರಿಸದೆ ಆ ಅವಧಿಯ ಖರ್ಚಾಗಿಯೇ ತೋರಿಸಬೇಕು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 17(5)(ಎಚ್) ಇದನ್ನು ಸ್ಪಷ್ಟಪಡಿಸಿದೆ. ದುರಸ್ತಿಗೆ ಮುನ್ನ ವಿಮಾ ಪಾಲಿಸಿಯ ಷರತ್ತುಗಳನ್ನು ಗ್ರಾಹಕರೊಡನೆ ಓದಿಕೊಳ್ಳುವುದೂ ವಿವೇಕದ ಕ್ರಮ.

ಮುನ್ನೆಚ್ಚರಿಕೆಯೇ ಅಗ್ಗ

ಉಷ್ಣತೆ 10 ಡಿಗ್ರಿ ಏರಿದರೆ, ಬೆರೆಸಿದ ಎಪಾಕ್ಸಿಯ ಕೆಲಸದ ಅವಧಿ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಅಂದಾಜು. ನಮ್ಮ ಕಡೆಯ ಬೇಸಿಗೆಯಲ್ಲಿ ಪಾದರಸ 40 ದಾಟುವುದು ಹೊಸತಲ್ಲ. ಅಂಟಿನ ಕೆಲಸವನ್ನು ಮುಂಜಾನೆ ನೆರಳಿನಲ್ಲಿ, ಅಲ್ಪ ಪ್ರಮಾಣದಲ್ಲಿ ಬೆರೆಸಿ ಮಾಡಬೇಕು. ಅಂಟು ತಾಗಬಾರದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಸುತ್ತಬೇಕು. ಸೋರಿದ್ದನ್ನು ಹಸಿಯಿರುವಾಗಲೇ ಒರೆಸಬೇಕು. ಕೆಲವು ರೂಪಾಯಿಗಳ ಟೇಪು ಮತ್ತು ಎರಡು ನಿಮಿಷದ ಶ್ರಮ ಮುಂದಿನ ಎರಡು ಗಂಟೆಗಳ ಕೂಲಿಯನ್ನೂ ಕೆಲಸಗಾರನ ಶ್ವಾಸಕೋಶವನ್ನೂ ಉಳಿಸುತ್ತವೆ. ಈ ಕ್ಷೇತ್ರಕ್ಕೆ ಕಾಲಿಡುವ ಸದಸ್ಯರು ಉಪಕರಣಗಳ ಪಟ್ಟಿಯಲ್ಲಿ ಮುಖಗವಸು ಮತ್ತು ಉಷ್ಣಮಾಪಕಗಳನ್ನು ಮೊದಲ ಸಾಲಿನಲ್ಲಿಯೇ ಬರೆದುಕೊಳ್ಳುವುದು ಒಳಿತು.