ಗೂನುಬೆನ್ನಿನ ಬಿಳಿಮೀನು ಎಲ್ಲಿ ಹೋಯಿತು?

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಪಿಲಾ ನದಿಯಲ್ಲಿ ಗಾಳಕ್ಕೆ ಸಿಕ್ಕಿಸಿದ ಬಿಳಿಮೀನು 120 ಪೌಂಡು ತೂಗಿತೆಂಬುದು ಮತ್ಸ್ಯಬೇಟೆಯ ಚರಿತ್ರೆಯಲ್ಲಿ ಇಂದಿಗೂ ಪ್ರಖ್ಯಾತವಾದ ವಿಷಯ. ಇಂಗ್ಲಿಷರು ಮಹಶೀರ್ ಎಂದು ಕರೆದ, ಬೆನ್ನು ಗೂನಾಗಿ ಉಬ್ಬಿ ರೆಕ್ಕೆಗಳು ಕೇಸರಿವರ್ಣದಿಂದ ಶೋಭಿಸುವ ಈ ಮತ್ಸ್ಯವು ಕಾವೇರಿ ಮತ್ತು ಅದರ ಉಪನದಿಗಳನ್ನುಳಿದು ಭೂಮಂಡಲದಲ್ಲಿ ಬೇರೆಲ್ಲಿಯೂ ಸ್ವಭಾವತಃ ಹುಟ್ಟಿದುದಲ್ಲ.

ಇದರ ಅವನತಿಗೆ ಕಾರಣವೇನೆಂದು ಕೇಳಿದವರಿಗೆ ಕನ್ನಂಬಾಡಿ, ಮೆಟ್ಟೂರು, ಕಬಿನಿಗಳ ಅಣೆಕಟ್ಟುಗಳನ್ನೂ, ಮರಳಿನ ಲೂಟಿಯನ್ನೂ, ಮಡುವುಗಳಲ್ಲಿ ತೋಟೆ ಸಿಡಿಸುವವರನ್ನೂ ತೋರಿಸುವುದು ವಾಡಿಕೆ. ಅವೆಲ್ಲ ನಿಜವಾದ ಹಾನಿಗಳೇ. ಆದರೆ ಕಾವೇರಿ ತೀರದ ಗಾಲಿಬೋರೆಯ ಬಿಡಾರದಲ್ಲಿ, ಹಿಡಿದ ಮೀನನ್ನು ತೂಗಿ ಮರಳಿ ಹೊಳೆಗೇ ಬಿಡುವ ವ್ರತವನ್ನು ಪಾಲಿಸಿದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿದಾಗ ಕಂಡ ಸಂಗತಿ ನನ್ನನ್ನು ಬಹುಕಾಲ ಕಾಡಿದೆ. ದಾಖಲಾದ 6,161 ಮೀನುಗಳಲ್ಲಿ ಬಹುಪಾಲು ಮಹಶೀರಿನ ಇನ್ನೊಂದು ಬಗೆಯಾದ ನೀಲಿರೆಕ್ಕೆಯ ಜಾತಿಯವು. ಕಾಲ ಕಳೆದಂತೆ ಅವುಗಳ ಸಂಖ್ಯೆ ಏರುತ್ತ ಬಂದಿತು. ಗೂನುಬೆನ್ನಿನವು ವಿರಳವಾದವು, ಸಿಕ್ಕ ಕೆಲವೂ ಭಾರಿ ಗಾತ್ರದ ಮುದಿಮೀನುಗಳು. ಎಂದರೆ, ಹಳೆಯವು ಬದುಕಿದ್ದುವು, ಮರಿಗಳು ಬರುತ್ತಿರಲಿಲ್ಲ. ತೋಟೆಯೂ ಬತ್ತಿದ ನೀರೂ ಮಾತ್ರವೇ ಕಾರಣವಾಗಿದ್ದರೆ ಅದೇ ಮಡುವಿನಲ್ಲಿ ಒಂದು ಜಾತಿ ಕ್ಷೀಣಿಸುತ್ತಿರುವಾಗ ಇನ್ನೊಂದು ವೃದ್ಧಿಯಾಗುವುದು ಹೇಗೆ?

ನೀಲಿರೆಕ್ಕೆಯದು ಕೃಷ್ಣಾ ನದೀಪಾತ್ರದ ಮೀನು. ಪುಣೆಯ ಬಳಿಯ ಹೊಳೆಗಳಿಂದ ಅದನ್ನು ಸೈಕ್ಸ್ 1839ರಲ್ಲಿ ವರ್ಣಿಸಿದ್ದನು. 1970ರ ದಶಕದಿಂದೀಚೆಗೆ ಲೋಣಾವಳದ ಮೀನು ಸಾಕಣೆ ಕೇಂದ್ರದಲ್ಲಿ ಅದರ ಮರಿಗಳನ್ನು ಹೇರಳವಾಗಿ ಬೆಳೆಸಿದರು. ಮಹಶೀರ್ ಉಳಿಯಲಿ ಎಂಬ ಸದಿಚ್ಛೆಯಿಂದಲೇ ಅವನ್ನು ಕಾವೇರಿಗೂ ತಂದು ಬಿಟ್ಟರು. ಎರಡೂ ಒಂದೇ ಎಂದೆಣಿಸಿದವರಿಗೆ ಮೀನು ಹೆಚ್ಚಿದಂತೆ ತೋರಿದುದು ಸಹಜ. ಆ ಹೆಚ್ಚಳದ ಮರೆಯಲ್ಲಿಯೇ ನಾಡಮೀನು ಕರಗಿಹೋಯಿತು. ಕೊಲ್ಲುವ ಉದ್ದೇಶದಿಂದಾದ ಹಾನಿಗಿಂತ ಕಾಪಾಡುವ ಉದ್ದೇಶದಿಂದಾದ ಈ ಹಾನಿ ನನಗೆ ಹೆಚ್ಚು ದುಃಖಕರವಾಗಿ ಕಾಣುತ್ತದೆ.

ಕಾವೇರಿ ಪಾತ್ರಕ್ಕೇ ಸೇರಿದ, ಕೇರಳದ ಪಾಂಬಾರು ಹೊಳೆಯಿಂದ 2007ರಲ್ಲಿ ವರ್ಣಿತವಾದ ಟಾರ್ ರೆಮಾದೇವಿ ಎಂಬ ಜಾತಿಯೇ ಈ ಗೂನುಬೆನ್ನಿನ ಮೀನೆಂದು ನಿಶ್ಚಯವಾದುದು 2018ರಲ್ಲಿ; ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅದೇ ಪಾತ್ರದ ಮೋಯಾರು ಹೊಳೆಯಲ್ಲಿ ಇನ್ನೂ ಕೆಲವು ಉಳಿದಿವೆ. ಬೀಜದ ಮೂಲವನ್ನು ಪರೀಕ್ಷಿಸದೆ ಒಂದು ಮರಿಯನ್ನೂ ಕಾವೇರಿಗಾಗಲಿ ಮೋಯಾರಿಗಾಗಲಿ ಬಿಡಬಾರದೆಂಬುದು, ಹೊಳೆಗಳ ಹೊಣೆ ಹೊತ್ತವರಲ್ಲಿ ನನ್ನ ವಿನಂತಿ.